ಆಡದ ಮಾತಿಗೆ ಸಾಕ್ಷಿ



ಚುನಾವಣೆ ಬಂತೆಂದರೆ ಭಾಷಣಕ್ಕಿಂತ ಭಾಷಣದ ಅರ್ಥ ಹೇಳುವವರ ಗದ್ದಲವೇ ಹೆಚ್ಚು. 2008ರ ಸೆಪ್ಟೆಂಬರಿನಲ್ಲಿ ಅಮೆರಿಕದಲ್ಲಿ ನಡೆದುದನ್ನೇ ನೋಡಿ. ಅಧ್ಯಕ್ಷ ಪದವಿಗೆ ಸ್ಪರ್ಧಿಸಿದ್ದ ಬರಾಕ್ ಒಬಾಮ ವರ್ಜೀನಿಯಾ ರಾಜ್ಯದ ಸಭೆಯೊಂದರಲ್ಲಿ ಎದುರಾಳಿ ಜಾನ್ ಮೆಕೇನರ 'ಬದಲಾವಣೆ'ಯನ್ನು ಟೀಕಿಸುತ್ತಾ, ಹಂದಿಯ ತುಟಿಗೆ ಬಣ್ಣ ಬಳಿದರೂ ಹಂದಿ ಹಂದಿಯೇ ಎಂದರು. ಅದು ಅಲ್ಲಿಯ ಹಳೆಯ ಗಾದೆಯಂಥ ಮಾತು. ಆದರೆ ಕೆಲವೇ ದಿನಗಳ ಹಿಂದೆ, ಮೆಕೇನರ ಜೊತೆ ಉಪಾಧ್ಯಕ್ಷ ಪದವಿಗೆ ನಿಂತಿದ್ದ ಸಾರಾ ಪೇಲಿನ್ ತುಟಿಬಣ್ಣದ ಬಗ್ಗೆ ವೇದಿಕೆಯಲ್ಲಿ ತಮಾಷೆ ಮಾಡಿದ್ದರು. ಅಷ್ಟು ಸಾಕಾಯಿತು. ಹಂದಿ ಎಂದದ್ದು ಆ ಮಹಿಳೆಯನ್ನೇ, ಕ್ಷಮೆ ಕೇಳಬೇಕು ಎಂದು ಮೆಕೇನರ ಕಡೆಯವರು ಪಟ್ಟು ಹಿಡಿದರು. ಸ್ವತಃ ಮೆಕೇನರೇ 2007ರಲ್ಲಿ ಹಿಲರಿ ಕ್ಲಿಂಟನ್ ಅವರ ಆರೋಗ್ಯ ಯೋಜನೆಯನ್ನು ಕುರಿತು ಇದೇ ಮಾತನ್ನಾಡಿದ್ದರು. ಆಗ ಹಂದಿಯೆಂದರೆ ಬರೀ ಯೋಜನೆ!

ರಾಜಕಾರಣಿಗಳೇನೂ ಸಾಧುಗಳಲ್ಲ. ಹೆಣ್ಣಿಗೆ ಅವಮಾನ, ಜಾತಿ ನಿಂದನೆ ವೇದಿಕೆಗಳಲ್ಲಿ ನಿಜವಾಗಿಯೂ ನಡೆಯುತ್ತವೆ, ಖಂಡಿಸಲೇಬೇಕು. ಆದರೆ ಇಲ್ಲದ ನಿಂದೆಯನ್ನು ಹುಡುಕಿ ತೆಗೆದು ಊರಿಗೆಲ್ಲ ಹಂಚುವಾಗ ನಾವು ಎಂಟನೆಯ ಆಜ್ಞೆಯನ್ನು ಮೀರುತ್ತಿರುತ್ತೇವೆ. ಸುಳ್ಳು ಸಾಕ್ಷಿ ನುಡಿಯಲು ನ್ಯಾಯಾಲಯವೇ ಬೇಕೆ? ಸಾಕಷ್ಟು ಆಧಾರವಿಲ್ಲದೆ ನೆರೆಯವನ ದೋಷವನ್ನು ಮನಸ್ಸಿನಲ್ಲೇ ನಿಜವೆಂದು ಎಣಿಸುವುದೂ ದುಡುಕಿನ ತೀರ್ಪು ಎನ್ನುತ್ತದೆ ಧರ್ಮಸಭೆಯ ಬೋಧನೆ. ಇನ್ನೊಬ್ಬನ ಮಾತಿಗೆ ಮೊದಲು ಒಳ್ಳೆಯ ಅರ್ಥ ಕೊಡಬೇಕು, ಆಗದಿದ್ದರೆ ಅವನನ್ನೇ ಕೇಳಬೇಕು, ತಪ್ಪಿದ್ದರೆ ಪ್ರೀತಿಯಿಂದ ತಿದ್ದಬೇಕು ಎಂಬುದು ಸಂತ ಇಗ್ನೇಷಿಯಸ್ ಲೊಯೋಲರ ಸಲಹೆ. ಈ ನಡುವಿನ ಮೆಟ್ಟಿಲನ್ನೇ ನಾವು ಹಾರಿಬಿಡುತ್ತೇವೆ. "ಇವತ್ತು ಸಾರು ಚೆನ್ನಾಗಿದೆಯಮ್ಮ" ಎಂದು ಅತ್ತೆ ಅಂದರೆ, ನಿನ್ನೆಯದು ಕೆಟ್ಟಿತ್ತೆಂದೇ ಹೇಳಿದರು ಎಂದು ಸೊಸೆ ತವರಿಗೆ ಫೋನ್ ಮಾಡುವುದಿಲ್ಲವೇ?

ನಮ್ಮ ಪ್ರಭುವಿನ ಮೇಲೂ ಇಂಥದೇ ಸಾಕ್ಷಿ ಬಂದಿತ್ತು. ನೀವು ದೇವಾಲಯವನ್ನು ಕೆಡವಿದರೂ ಮೂರು ದಿನಗಳಲ್ಲಿ ಎಬ್ಬಿಸುವೆನೆಂದು ಅವರು ನುಡಿದದ್ದು ತಮ್ಮ ದೇಹವನ್ನು ಕುರಿತು ಎಂದು ಸಂತ ಯೊವಾನ್ನರು ತಿಳಿಸುತ್ತಾರೆ. ನ್ಯಾಯಸಭೆಗೆ ಬರುವಷ್ಟರಲ್ಲಿ ಅದು, ತಾನೇ ದೇವಾಲಯವನ್ನು ಕೆಡವುವೆನೆಂದು ಯೇಸು ಹೇಳಿದನೆಂಬ ಆರೋಪವಾಗಿತ್ತು. ಸಾಕ್ಷಿಗಳ ಹೇಳಿಕೆ ಒಂದಕ್ಕೊಂದು ಹೊಂದಲಿಲ್ಲ ಎನ್ನುತ್ತಾರೆ ಸಂತ ಮಾರ್ಕರು. ಆದರೂ ಮಾತು ಅಲ್ಲಿಗೆ ನಿಲ್ಲಲಿಲ್ಲ. ಕಲ್ವಾರಿಯಲ್ಲಿ ಹಾದುಹೋಗುತ್ತಿದ್ದ ದಾರಿಹೋಕರು ತಲೆಯಾಡಿಸುತ್ತಾ, ಶಿಲುಬೆಯ ಮೇಲಿದ್ದ ಪ್ರಭುವನ್ನು ಅದೇ ಮಾತಿನಿಂದ ಹಂಗಿಸಿದರು.