ಎರಡು ‘ನಾವು’

ಘಟ್ಟದ ಮೇಲಿನವರು ‘ನಿಮ್ಮ ಮಾತೃಭಾಷೆ ಯಾವುದು?’ ಎಂದು ಕೇಳಿದರೆ ನಮ್ಮ ಕಡೆಯ ಹೆಂಗಸರು ಒಂದು ಗಳಿಗೆ ತಡೆಯುತ್ತಾರೆ. ನನ್ನ ತವರು ಕಾಪು; ಅಲ್ಲಿ ಒಲೆಯ ಮುಂದೆಯೂ ಅಂಗಳದಲ್ಲೂ ತುಳುವೇ. ಶಾಲೆಯಲ್ಲಿ ಕನ್ನಡ. ಗಂಡನ ಮನೆಯವರು ಕುಂದಾಪುರ ಕನ್ನಡದವರು, ಸಂಸಾರ ಮಣಿಪಾಲದಲ್ಲಿ. ಅಮ್ಮ ನನ್ನೊಡನೆ ಕನ್ನಡದಲ್ಲಿ ಒಂದು ಮಾತೂ ಆಡಿದವರಲ್ಲ. ಕಾಗದ ಬರೆದದ್ದೆಲ್ಲ ಕನ್ನಡದಲ್ಲೇ. ತುಳುವಿಗೆ ಹಳೆಯ ಲಿಪಿ ಇದ್ದರೂ ನಮ್ಮ ಮನೆಯಲ್ಲಿ ಅದನ್ನು ಬಲ್ಲವರಿರಲಿಲ್ಲ. ಹೀಗಾಗಿ ಅಮ್ಮನ ಬೈಗುಳ ನನಗೆ ತುಳುವಿನಲ್ಲಿ ಬಂತು, ಆಶೀರ್ವಾದ ಕನ್ನಡದಲ್ಲಿ ಬಂತು.

ಎರಡು ಭಾಷೆಯಲ್ಲಿ ಬದುಕುವವರ ಮನಸ್ಸೂ ಎರಡು ಎಂಬ ಅನುಮಾನ ಕೆಲವರಿಗಿದೆ. ನಿಷ್ಠೆ ಒಂದೇ ಕಡೆ ಇರಬೇಕಲ್ಲವೆ ಎನ್ನುತ್ತಾರೆ. ನಾನು ಇದನ್ನು ಯೋಚಿಸುವುದು ಒಂದು ಸಣ್ಣ ಪದದ ಮೂಲಕ. ಕನ್ನಡದ ‘ನಾವು’ ತುಳುವಿನಲ್ಲಿ ಎರಡಾಗುತ್ತದೆ. ಕೇಳುವವರನ್ನೂ ಸೇರಿಸಿಕೊಂಡರೆ ‘ನಮ’. ಅವರನ್ನು ಬಿಟ್ಟು ಹೇಳಿದರೆ ‘ಎಂಕುಲು’. ಗಂಡನ ಮನೆಯನ್ನು ‘ನಮ್ಮ ಮನೆ’ ಎಂದು ಕನ್ನಡದಲ್ಲಿ ಹೇಳಿದರೆ ಯಾರಿಗೂ ನೋವಿಲ್ಲ. ತುಳುವಿನಲ್ಲಿ ಅಮ್ಮನೆದುರು ‘ಎಂಕ್ಲೆನ ಇಲ್ಲ್’ ಎನ್ನಬೇಕು. ಆ ಮನೆ ಅಮ್ಮನದಲ್ಲ ಎಂದು ಬಾಯಿಬಿಟ್ಟು ಹೇಳಿದಂತೆ. ಮೊದಲ ಸಲ ಹಾಗೆಂದ ದಿನ ಅಮ್ಮ ತಲೆಯೆತ್ತಿ ನನ್ನನ್ನು ನೋಡಿದ್ದರು.

ನಮ್ಮದು ಅಳಿಯಕಟ್ಟಿನ ಕುಟುಂಬ. ಒಂದು ಕಾಲಕ್ಕೆ ಆಸ್ತಿ ಹೆಣ್ಣಿನ ಸಂತತಿಯಲ್ಲಿ ಇಳಿದು ಬರುತ್ತಿತ್ತು. 1949ರ ಮದರಾಸು ಅಳಿಯಸಂತಾನ ಕಾಯಿದೆ ಪಾಲಿಗೆ ದಾರಿ ತೆರೆಯಿತು. 1956ರ ಹಿಂದೂ ಉತ್ತರಾಧಿಕಾರ ಕಾಯಿದೆ ಬಂದ ಮೇಲೆ ಹಳೆಯ ಕಟ್ಟು ಇನ್ನಷ್ಟು ಸಡಿಲಾಯಿತು. ಅಮ್ಮ ತೀರಿಕೊಂಡ ಮೇಲೆ ಅಣ್ಣಂದಿರು ಕಾರ್ಕಳದ ಬಳಿಯ ಗದ್ದೆ ಮಾರುವ ಮಾತೆತ್ತಿದರು. ದೊಡ್ಡಣ್ಣ ‘ಎಂಕುಲು’ ಎಂದೇ ಆರಂಭಿಸಿದರು, ಎದುರಿಗೆ ಕುಳಿತ ನನ್ನನ್ನು ಬಿಟ್ಟು. ಕನ್ನಡದಲ್ಲಾಗಿದ್ದರೆ ಅದು ನನಗೆ ಗೊತ್ತೇ ಆಗುತ್ತಿರಲಿಲ್ಲ. ನಾನು ‘ನಮ’ ಎಂದು ಉತ್ತರ ಶುರುಮಾಡಿದೆ. ಅಣ್ಣ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಮಾತು ಮೊದಲಿನಿಂದ ನಡೆಯಿತು.

ಹಾಗೆಂದು ತುಳು ನೇರ, ಕನ್ನಡ ಮುಚ್ಚುಮರೆ ಎಂದಲ್ಲ. ಅತ್ತೆ ಹಾಸಿಗೆ ಹಿಡಿದಾಗ ಡಾಕ್ಟರೊಡನೆ ‘ನಾವು ನೋಡಿಕೊಳ್ಳುತ್ತೇವೆ’ ಎಂದೆ. ಆ ‘ನಾವು’ ಎಂಬುದರೊಳಗೆ ಯಾರಿದ್ದಾರೆ, ಯಾರಿಲ್ಲ ಎಂದು ಯಾರೂ ಲೆಕ್ಕ ಹಾಕಲಿಲ್ಲ. ಮೈದುನ, ನಾದಿನಿ, ಪಕ್ಕದ ಮನೆಯಾಕೆ ಕೂಡ ಬಂದು ಸೇರಿದರು. ಪಾಲು ಕೇಳುವಾಗ ಗಡಿ ಕಾಣಬೇಕು. ಕೂಡಿ ಬಾಳುವಾಗ ಅದನ್ನು ಕಾಣದಂತಿರುವುದೂ ಬೇಕು. ಎರಡೂ ನನಗೆ ದಕ್ಕಿವೆ. ಒಂದಕ್ಕೆ ನಿಷ್ಠಳಾಗಿ ಇನ್ನೊಂದನ್ನು ಏಕೆ ಬಿಡಲಿ?

ಮಣಿಪಾಲದ ಮಕ್ಕಳ ಬಾಯಲ್ಲಿ ಇಂಗ್ಲಿಷು, ಹಿಂದಿ ಮುಂದು. ತುಳುವಿನಿಂದ ಏನು ಲಾಭ ಎಂದು ಕೇಳುವವರಿದ್ದಾರೆ. ಉಡುಪಿಯ ಗೋವಿಂದ ಪೈ ಸಂಶೋಧನ ಕೇಂದ್ರ 6 ಸಂಪುಟಗಳ ತುಳು ನಿಘಂಟನ್ನೇ ಹೊರತಂದಿದೆ. ಪದಗಳು ಅಲ್ಲಿ ಭದ್ರವಾಗಿರುತ್ತವೆ. ಯಾರನ್ನು ಸೇರಿಸಿಕೊಳ್ಳಬೇಕು, ಯಾರನ್ನು ಬಿಡಬೇಕು ಎಂಬ ಎಚ್ಚರ ಮಾತ್ರ ಮನೆಯ ಮಾತಿನಲ್ಲೇ ಬರಬೇಕು. ಅದಕ್ಕೇ ಮಗಳೊಡನೆ ಅಡುಗೆಮನೆಯಲ್ಲಿ ತುಳುವನ್ನೇ ಆಡುತ್ತೇನೆ. ಗೆಳತಿಯರ ಸುದ್ದಿ ಹೇಳುವಾಗ ಅವಳು ‘ಎಂಕುಲು’ ಎಂದು ನನ್ನನ್ನು ಬಿಟ್ಟರೆ ಬೇಸರವಿಲ್ಲ. ಬಿಟ್ಟದ್ದು ಅವಳಿಗೆ ಗೊತ್ತಿದ್ದರೆ ಸಾಕು.