ಕೀ ಇಲ್ಲದ ಲಾರಿ

ಕ್ಯಾಬಿನ್ ಹತ್ತಿ ಕೂತವನೇ ಅಭ್ಯಾಸಬಲದಿಂದ ಸ್ಟೀರಿಂಗ್ ಬುಡದಲ್ಲಿ ಕೀ ಹಾಕುವ ತೂತು ತಡಕಿದೆ. "ಹುಡುಕಬೇಡಿ ಮಾವ, ಇದಕ್ಕೆ ಕೀಯೇ ಇಲ್ಲ" ಎಂದ, ಕೆಳಗೆ ನಿಂತಿದ್ದ ಅಕ್ಕನ ಮಗ. ಪುಟ್ಟ ಹಿಡಿಯೊಂದನ್ನು ತಿರುಗಿಸಿದರೆ ಬ್ರೇಕಿಗೆ ಗಾಳಿ ತುಂಬಿಲ್ಲವೆಂದು ಬಜರ್ ಕರ್ಕಶವಾಗಿ ಕೂಗುತ್ತದೆ. ಅದರ ಪಾಡಿಗೆ ಅದನ್ನು ಕೂಗಲು ಬಿಟ್ಟು ಗುಂಡಿ ಒತ್ತಬೇಕು. ನಿಲ್ಲಿಸಲು ಇನ್ನೊಂದು ಹಿಡಿ ಎಳೆದರಾಯಿತು.

ಯೋಚಿಸಿದರೆ ನ್ಯಾಯವೇ. ಸೇನೆಯ ಲಾರಿಯಲ್ಲವೇ, ಗುಂಡು ಹಾರುವ ಹೊತ್ತಿನಲ್ಲಿ ಬಿದ್ದವನ ಜೇಬು ತಡಕುತ್ತ ಕೂರಲು ಆಗುತ್ತದೆಯೇ? ಯಾರು ಹತ್ತಿದರೂ ಹೊರಡಬೇಕು. ಯಾವ ಗೇರಿನಲ್ಲಿ ಎಷ್ಟು ವೇಗ ಮೀರಬಾರದೆಂದು ಮುಂದಿನ ತಗಡಿನ ಫಲಕವೇ ಹೇಳುತ್ತದೆ. ಗುರುತು ಪರಿಚಯವಿಲ್ಲದವನ ಕೈಗೆ ಇಷ್ಟು ನಂಬಿಕೆಯಿಂದ ಒಪ್ಪಿಸಿಕೊಳ್ಳುವ ಯಂತ್ರವನ್ನು ನಾನು ಬೇರೆ ಕಂಡಿಲ್ಲ. ಅಕ್ಕನ ಮಗ ಮಾತ್ರ ಈಗ ಸ್ಟೀರಿಂಗಿಗೆ ದನ ಕಟ್ಟುವಂಥ ಸರಪಳಿ ಸುತ್ತಿ ಬೀಗ ಹಾಕುತ್ತಾನೆ.

ಇದು ಅಮೆರಿಕದ ಸೇನೆಯ ಎಂ35. ರಸ್ತೆಯಿಲ್ಲದ ಕಡೆಯೂ ಎರಡೂವರೆ ಟನ್ ಹೊರುವ, 1950ರ ಸುಮಾರಿಗೆ ರಿಯೊ ಕಂಪನಿಯಲ್ಲಿ ಹುಟ್ಟಿದ ವಂಶ. ಹಿಂದಿನ ಜೋಡಿ ಟೈರು ಸೇರಿ ಒಟ್ಟು ಹತ್ತು ಟೈರು. ಅವನು ಇದನ್ನು ಹರಾಜಿನಲ್ಲಿ ಕೊಂಡ. ಅಕ್ಕ ಫೋನಿನಲ್ಲಿ "ಅದ್ಯಾವುದೋ ಹಳೇ ಗಾಡಿಯಂತೆ" ಎಂದಾಗ ನಾನು ಕಾರೆಂದುಕೊಂಡಿದ್ದೆ.

ಇದರ ಎಂಜಿನ್ನು ಡೀಸೆಲ್, ಸೀಮೆಎಣ್ಣೆ, ವಿಮಾನದ ಜೆಟ್ ಇಂಧನ ಯಾವುದನ್ನು ಕೊಟ್ಟರೂ ಕುಡಿಯುತ್ತದೆ, ಗತಿಯಿಲ್ಲದಾಗ ಪೆಟ್ರೋಲನ್ನೂ. ಅದರ ಗುಟ್ಟು ಪಿಸ್ಟನ್ನಿನ ನೆತ್ತಿಯಲ್ಲಿದೆ. ಅಲ್ಲೊಂದು ದುಂಡನೆಯ ಕುಳಿ. ಇಂಧನದ ಬಹುಪಾಲನ್ನು ಆ ಕುಳಿಯ ಗೋಡೆಗೆ, ಕಾದ ಕಾವಲಿಗೆ ನೀರುದೋಸೆಯ ಹಿಟ್ಟು ಎರಚಿದ ಹಾಗೆ, ತೆಳ್ಳಗೆ ಚಿಮ್ಮಿಸುತ್ತಾರೆ. ಆವಿಯಾಗಿ ಎದ್ದಷ್ಟು ಉರಿಯುತ್ತ ಹೋಗುತ್ತದೆ. ಜರ್ಮನಿಯ ಮ್ಯಾನ್ ಕಂಪನಿಯ ವಿದ್ಯೆ ಇದು. ಅದೇ ಮ್ಯಾನ್‌ನ ಪರವಾನಗಿಯಲ್ಲಿ 1959ರಲ್ಲಿ ಜಬಲ್ಪುರದಿಂದ ನಮ್ಮ ಸೇನೆಯ ಶಕ್ತಿಮಾನ್ ಲಾರಿ ಹೊರಬಂದದ್ದು. ಹೆದ್ದಾರಿಯಲ್ಲಿ ಮಿಲಿಟರಿ ಲಾರಿಗಳ ಸಾಲು ಹೋಗುವಾಗ ನಾವು ಶಾಲೆಯ ಮಕ್ಕಳು ಸೆಲ್ಯೂಟ್ ಹೊಡೆಯುತ್ತ ಎಣಿಸುತ್ತಿದ್ದೆವು. ಎಣಿಕೆ ಎಲ್ಲೋ ತಪ್ಪುತ್ತಿತ್ತು, ಜಗಳವಾಗುತ್ತಿತ್ತು. ಎಷ್ಟೋ ವರ್ಷದ ಮೇಲೆ, ಇನ್ನೊಂದು ಖಂಡದ ಅಂಗಳದಲ್ಲಿ, ಆ ಸಾಲಿನ ದಾಯಾದಿಯ ಮೇಲೆ ಕೂತಿದ್ದೇನೆ.

ಅಕ್ಕನ ಮಗನಿಗೀಗ ಹಿಂದಿನ ಎರಡು ಆಕ್ಸಲ್‌ಗಳಲ್ಲಿ ಒಂದನ್ನು ತೆಗೆದು, ಚಾಸಿಯನ್ನೂ ಹಿಂದಿನ ತೊಟ್ಟಿಯನ್ನೂ ಮೊಟಕು ಮಾಡುವ ಹುಚ್ಚು. ನಾಲ್ಕು ಚಕ್ರದ ಗಿಡ್ಡ ಲಾರಿ ತಿರುಗಿಸಲು ಸಲೀಸು. ಇದೇ ಹವ್ಯಾಸದ ಗೆಳೆಯರು ಮಾತು ಬಿಡುವ ಮಟ್ಟಕ್ಕೆ ಬಂದಿದ್ದಾರಂತೆ: ಮೂಲ ಕೆಡಿಸಬಾರದು ಎಂದು. ನನಗೆ ಈ ಮಡಿ ಅರ್ಥವಾಗುವುದಿಲ್ಲ. 1967ರ ಸೆಪ್ಟೆಂಬರಿನಲ್ಲಿ ವಿಯೆಟ್ನಾಮಿನ ಅನ್ ಖೆ ಬಳಿ ಅಮೆರಿಕದ ಸೇನೆಯ ಲಾರಿಗಳ ಸಾಲಿನ ಮೇಲೆ ಹೊಂಚುದಾಳಿಯಾಯಿತು. ಆಮೇಲೆ ಸರಕು ಹೊರುವ ಸೈನಿಕರೇ ಇಂಥ ಲಾರಿಗಳ ಸುತ್ತ ಹಲಗೆ ಬಡಿದು ಮರಳಿನ ಮೂಟೆ ಪೇರಿಸಿದರು. ಮಳೆಗೆ ಮರಳು ನೀರು ಕುಡಿದು ಭಾರವಾದಾಗ ಉಕ್ಕಿನ ತಗಡು ಬೆಸೆದರು, ಮೆಷಿನ್ ಗನ್ ಕೂರಿಸಿದರು, ಬದಿಗೆ ಚೆಂದದ ಹೆಸರು ಬರೆದರು. ಹಾಗೆ ಸಿದ್ಧವಾದ 'ಈವ್ ಆಫ್ ಡಿಸ್ಟ್ರಕ್ಷನ್' ಎಂಬ ಐದು ಟನ್ನಿನ ಲಾರಿ ವರ್ಜೀನಿಯದ ಫೋರ್ಟ್ ಯೂಸ್ಟಿಸ್ ಮ್ಯೂಸಿಯಮ್ಮಿನಲ್ಲಿ ಇಂದಿಗೂ ನಿಂತಿದೆ. ಮೂಲವನ್ನು ಮೊದಲು ಕೆಡಿಸಿದವರು ಅದನ್ನು ಓಡಿಸಿದವರೇ.

ಮಧ್ಯಾಹ್ನ ಇಬ್ಬರೂ ತೊಟ್ಟಿಯ ಬಣ್ಣ ಕೆರೆದೆವು. ಹಸಿರಿನ ಕೆಳಗೆ ಕಂದು, ಕಂದಿನ ಕೆಳಗೆ ಇನ್ನೊಂದು ಹಸಿರು. ಮೂಲೆಯಲ್ಲಿ, ಯಾವಾಗಲೋ ಬಿಟ್ಟಿದ್ದ ಬಿರುಕಿಗೆ ಹಾಕಿದ ಗೇಣುದ್ದದ ವೆಲ್ಡಿಂಗು ಕಾಣಿಸಿತು. ಒಂದರ ಮೇಲೊಂದು ಸಮನಾಗಿ ಕೂತ ಮೀನಿನ ಹುರುಪೆಯಂತೆ. ಬೆರಳಾಡಿಸಿದೆ, ಎಲ್ಲೂ ತಡೆಯಲಿಲ್ಲ. ಯಾರೂ ಕಾಣದ ಜಾಗದಲ್ಲಿ, ಮೇಲೆ ಬಣ್ಣ ಬೀಳುವುದೆಂದು ಗೊತ್ತಿದ್ದೂ, ಯಾವನೋ ಒಬ್ಬ ಕೈ ನಡುಗಿಸದೆ ಇದನ್ನು ಮಾಡಿ ಎದ್ದು ಹೋಗಿದ್ದಾನೆ. ಅವನಿಗೆ ಆಗ ವಯಸ್ಸು ಎಷ್ಟಿದ್ದೀತು?

"ಕತ್ತರಿಸೋ ಗೆರೆ ಸರಿಯಾಗಿ ಇದರ ಮೇಲೇ ಬರುತ್ತೆ ಮಾವ" ಎಂದ. ಬೆಳಿಗ್ಗೆ ಎಳೆದಿದ್ದ ಸೀಮೆಸುಣ್ಣದ ಗೆರೆ ಅಲ್ಲೇ ಇತ್ತು. ಸ್ವಲ್ಪ ಹೊತ್ತು ನೋಡಿದ. ಆಮೇಲೆ ಅಂಗೈಯಲ್ಲಿ ಅದನ್ನು ಒರೆಸಿ, ಒಂದು ಗೇಣು ಹಿಂದಕ್ಕೆ ಹೊಸ ಗೆರೆ ಎಳೆದ.