ಗಾಯ, ಪದಕ ಮತ್ತು ನಿಷ್ಕಾಮಕರ್ಮ

ಯುದ್ಧದಲ್ಲಿ ಗಾಯಗೊಂಡು ಬದುಕಿ ಬಂದ ಯೋಧನು, ನಿವೃತ್ತನಾಗಿ ಎಷ್ಟೋ ವರ್ಷಗಳಾದ ಮೇಲೆ, ಆ ಗಾಯಕ್ಕೆ ಸಲ್ಲಬೇಕಾದ ಪದಕವನ್ನು ಕೊಡಿರೆಂದು ಸರ್ಕಾರವನ್ನು ಕೇಳುವುದು ಧರ್ಮದೃಷ್ಟಿಯಿಂದ ಸರಿಯೇ ಎಂಬ ಪ್ರಶ್ನೆ ಮೇಲ್ನೋಟಕ್ಕೆ ಸಣ್ಣದಾಗಿ ಕಂಡರೂ, ಕರ್ಮ, ಫಲ, ಮಾನ ಮತ್ತು ಋಣ ಎಂಬ ನಾಲ್ಕು ದೊಡ್ಡ ಪರಿಕಲ್ಪನೆಗಳು ಅದರಲ್ಲಿ ಒಂದಕ್ಕೊಂದು ಹೆಣೆದುಕೊಂಡಿವೆ. ಬೆಂಗಳೂರಿನ ರಾಜಾಜಿನಗರ, ವಿಜಯನಗರ, ಬಸವೇಶ್ವರನಗರ, ಕೆಂಗೇರಿಯಂತಹ ಬಡಾವಣೆಗಳಲ್ಲಿ ನೆಲೆಸಿರುವ ಮಾಜಿ ಸೈನಿಕನೊಬ್ಬನು ಇಂತಹ ಅರ್ಜಿಯನ್ನು ಬರೆಯಲು ಕುಳಿತರೆ, ಕರ್ತವ್ಯವೆಂದು ಮಾಡಿದ್ದಕ್ಕೆ ಈಗ ಪ್ರತಿಫಲವೇಕೆ ಎಂಬ ಆಕ್ಷೇಪ ಹೊರಗಿನವರಿಂದ ಮಾತ್ರವಲ್ಲದೆ ಅವನ ಮನಸ್ಸಿನೊಳಗಿಂದಲೂ ಏಳಬಹುದು. ಈ ಆಕ್ಷೇಪಕ್ಕೆ ಗೀತೆಯ ಬೆಂಬಲವಿದೆಯೆಂದು ಹಲವರು ನಂಬಿರುವುದರಿಂದ ಅದನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ.

ಇಲ್ಲಿ ಹೇಳುತ್ತಿರುವ ಪದಕವು ಭಾರತ ಸರ್ಕಾರ 1973ರಲ್ಲಿ ಸ್ಥಾಪಿಸಿದ, ಪರಾಕ್ರಮ ಪದಕವೆಂದು ಕರೆಯಲಾಗುವ ಗಾಯದ ಪದಕ. ಶತ್ರುವಿನ ನೇರ ಕ್ರಿಯೆಯಿಂದ ದೇಹಕ್ಕೆ ಪೆಟ್ಟಾಗಿದೆಯೆಂಬುದಷ್ಟೇ ಇದಕ್ಕೆ ಆಧಾರವಾಗಿದ್ದು, ಪರಮವೀರ ಚಕ್ರ ಅಥವಾ ವೀರ ಚಕ್ರಗಳಲ್ಲಿ ನಡೆಯುವಂತೆ ಯೋಧನು ತೋರಿದ ಸಾಹಸವನ್ನು ತೂಗಿ ನೋಡುವ ಕ್ರಮ ಇದರಲ್ಲಿಲ್ಲ. ಈ ವ್ಯತ್ಯಾಸ ತಾತ್ತ್ವಿಕವಾಗಿ ಮುಖ್ಯವಾದುದು. ಸಾಹಸವೆಂಬುದು ಕರ್ತೃವಿನ ಸಂಕಲ್ಪದಿಂದ ಹುಟ್ಟಿದ ಕರ್ಮವಾದರೆ, ಗಾಯವು ಕರ್ತವ್ಯದ ನಡುವೆ ಅವನ ಮೇಲೆ ಬಂದೆರಗಿದ ನೋವು; ಅದನ್ನು ಅವನು ಆರಿಸಿಕೊಂಡಿರಲಿಲ್ಲ, ಅದಕ್ಕಾಗಿ ಆಸೆಪಟ್ಟೂ ಇರಲಿಲ್ಲ. ಹೀಗಿರುವಾಗ ಗಾಯಕ್ಕೆ ದೊರೆಯುವ ಪದಕವನ್ನು ಕರ್ಮಫಲವೆಂಬ ಮಾತಿನ ಪೂರ್ಣಾರ್ಥದಲ್ಲಿ ಫಲವೆನ್ನಲಾಗದು. ಇಂತಹ ದಿನ, ಇಂತಹ ನೆಲದಲ್ಲಿ, ದೇಶದ ಪರವಾಗಿ ನಿಂತಿದ್ದ ಈ ದೇಹಕ್ಕೆ ಏನಾಯಿತೆಂಬುದಕ್ಕೆ ದೇಶವೇ ನುಡಿಯುವ ಸಾಕ್ಷಿ ಅದು.

ಗೀತೆಯ ಎರಡನೆಯ ಅಧ್ಯಾಯವನ್ನು ಇಡಿಯಾಗಿ ಓದಿದವರಿಗೆ ಅದರಲ್ಲಿ ಎರಡು ನೆಲೆಯ ಮಾತುಗಳಿರುವುದು ಕಾಣುತ್ತದೆ. ಮಾನವಂತನಾದವನಿಗೆ ಅಪಕೀರ್ತಿಯು ಸಾವಿಗಿಂತಲೂ ಕೆಟ್ಟದ್ದೆಂದು ಅರ್ಜುನನಿಗೆ ಎಚ್ಚರಿಕೆ ಹೇಳುವ ಕೃಷ್ಣನೇ, ಕೆಲವು ಶ್ಲೋಕಗಳು ಕಳೆಯುವಷ್ಟರಲ್ಲಿ, ಕರ್ಮದಲ್ಲಿ ಮಾತ್ರ ನಿನಗೆ ಅಧಿಕಾರ, ಫಲದಲ್ಲಿ ಇಲ್ಲವೆಂಬ ಪ್ರಸಿದ್ಧ ಉಪದೇಶವನ್ನೂ ಕೊಡುತ್ತಾನೆ. ಲೋಕದಲ್ಲಿ ಯೋಧನ ಮಾನಕ್ಕೆ ಬೆಲೆಯಿದೆಯೆಂಬುದನ್ನು ಮೊದಲನೆಯ ಮಾತು ಒಪ್ಪಿಕೊಂಡರೆ, ಆ ಮಾನದ ಆಸೆಯೇ ಕೆಲಸಕ್ಕೆ ಪ್ರೇರಣೆಯಾಗಬಾರದೆಂದು ಎರಡನೆಯದು ತಿದ್ದುತ್ತದೆ. ಫಲದ ಆಸೆಯನ್ನು ಬಿಡಬೇಕಾದದ್ದು ಕರ್ಮ ಮಾಡುವ ಹೊತ್ತಿನಲ್ಲಿ. ಗುಂಡು ಹಾರುತ್ತಿರುವಾಗ ಪದಕವನ್ನು ನೆನೆಯುವವನು ಜೊತೆಗಾರರಿಗೂ ಅಪಾಯ ತರುತ್ತಾನೆ. ಆದರೆ ಎಲ್ಲ ಮುಗಿದು ದಶಕಗಳು ಕಳೆದ ಮೇಲೆ, ನಡೆದದ್ದನ್ನು ನಡೆದಂತೆ ದಾಖಲಿಸಿರೆಂದು ಕೇಳುವುದರಿಂದ ಆ ಹಿಂದಿನ ಕರ್ಮದ ಶುದ್ಧಿಗೆ ಕುಂದು ಬರುತ್ತದೆಂದು ಗೀತೆಯೆಲ್ಲಿಯೂ ಹೇಳುವುದಿಲ್ಲ. ಸನ್ಮಾನವನ್ನು ವಿಷದಂತೆ ಕಂಡು ಅಂಜಬೇಕೆಂಬ ಮನುಸ್ಮೃತಿಯ ಮಾತನ್ನು ಕೆಲವರು ಈ ಸಂದರ್ಭಕ್ಕೆ ಎಳೆತರಬಹುದು. ಆ ವಿಧಿಯನ್ನು ಅಧ್ಯಯನದಲ್ಲಿ ತೊಡಗಿದ ಬ್ರಾಹ್ಮಣನನ್ನು ಉದ್ದೇಶಿಸಿ ಹೇಳಿದೆಯೇ ಹೊರತು ರಣರಂಗದಿಂದ ಮರಳಿದವನಿಗಲ್ಲ.

ಕನ್ನಡ ನಾಡಿನ ವೀರಗಲ್ಲುಗಳು ಈ ವಿಚಾರಕ್ಕೆ ಶಾಸ್ತ್ರಗ್ರಂಥಗಳಿಗಿಂತ ಹತ್ತಿರದ ಸಾಕ್ಷಿಗಳು. ವೀರಗಲ್ಲು ಎಂದರೆ ಹೋರಾಡಿ ಮಡಿದವನ ನೆನಪಿಗೆ ನಿಲ್ಲಿಸಿದ ಶಿಲೆ. ಸಾಮಾನ್ಯವಾಗಿ ಅದರ ಕೆಳಗಿನ ಹಂತದಲ್ಲಿ ಯುದ್ಧ, ನಡುವಿನಲ್ಲಿ ಅಪ್ಸರೆಯರು ವೀರನನ್ನು ಮೇಲಕ್ಕೆ ಒಯ್ಯುವ ದೃಶ್ಯ, ಮೇಲಿನ ಹಂತದಲ್ಲಿ ಶಿವಲಿಂಗದ ಸನ್ನಿಧಿ ಇರುತ್ತವೆ. ಬೆಂಗಳೂರಿನ ಹೆಬ್ಬಾಳದಲ್ಲಿ ದೊರೆತ, ಸುಮಾರು ಕ್ರಿ.ಶ. 750ರ ಕಿಟ್ಟಯ್ಯನ ಶಾಸನವೂ, ಬೆಂಗಳೂರಿನ ಕಾಳಗವನ್ನು ಹೆಸರಿಸುವ ಸುಮಾರು 890ರ ಬೇಗೂರಿನ ಶಾಸನವೂ ಇಂತಹವೇ. ಮಡಿದವನ ಮನೆಯವರಿಗೆ ಭೂಮಿಯನ್ನು ಬಿಡುವ ಪದ್ಧತಿಯೂ ಇದರ ಜೊತೆಗಿತ್ತು. ನೆತ್ತರು ಸುರಿಸಿದ್ದಕ್ಕಾಗಿ ಕೊಟ್ಟ ಆ ಭೂಮಿಗೆ ನೆತ್ತರುಗೊಡಗೆ ಎಂಬ ಹೆಸರಿತ್ತು. ಈ ಎಲ್ಲದರಲ್ಲಿ ಸಮಾನವಾದ ಒಂದು ಸಂಗತಿಯೆಂದರೆ, ಸತ್ತವನು ಯಾವುದನ್ನೂ ಕೇಳಲಿಲ್ಲ, ಕೇಳುವಂತಿರಲಿಲ್ಲ. ಊರೂ ಒಡೆಯನೂ ತಮ್ಮ ಹೊಣೆಯೆಂದು ತಾವಾಗಿಯೇ ಕಲ್ಲು ನಿಲ್ಲಿಸಿದರು. ಇಂದಿನ ಬೆಂಗಳೂರಿನ ರಾಷ್ಟ್ರೀಯ ಸೈನಿಕ ಸ್ಮಾರಕದಲ್ಲಿಯೂ ಏಕಶಿಲೆಯ ವೀರಗಲ್ಲನ್ನು ನಿಲ್ಲಿಸಿ, ಮಡಿದ ಯೋಧರ ಹೆಸರುಗಳನ್ನು ಕೆತ್ತಲಾಗಿದೆ. ಗಾಯಗೊಂಡು ಉಳಿದವನಿಗೆ ಇಂತಹ ಕಲ್ಲಿಲ್ಲ. ಅವನ ಪಾಲಿಗೆ ಉಳಿಯುವುದು ದಾಖಲೆ ಕಚೇರಿಯ ಕಡತ, ಆಸ್ಪತ್ರೆಯ ಹಳೆಯ ಚೀಟಿ ಮತ್ತು ಅವನದೇ ಬಾಯಿಮಾತು.

ಬದುಕುಳಿದ ವೀರನ ವಿಷಯದಲ್ಲಿ ಹಳಗಾಲದವರು ಹೇಗೆ ನಡೆದುಕೊಂಡರೆಂಬುದಕ್ಕೆ ಆತಕೂರಿನ ಶಾಸನದಷ್ಟು ಸ್ಪಷ್ಟವಾದ ಉದಾಹರಣೆ ಅಪರೂಪ. ಮಂಡ್ಯ ಜಿಲ್ಲೆಯ ಆತಕೂರಿನಲ್ಲಿದ್ದು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿರುವ ಈ ಕಲ್ಲು, ರಾಷ್ಟ್ರಕೂಟ ಮೂರನೆಯ ಕೃಷ್ಣನೂ ಗಂಗರ ಇಮ್ಮಡಿ ಬೂತುಗನೂ ಕೂಡಿ ಚೋಳ ರಾಜಾದಿತ್ಯನನ್ನು ಸೋಲಿಸಿದ, 949ರ ಸುಮಾರಿನ ತಕ್ಕೋಲದ ಯುದ್ಧದ ಕಾಲದ್ದು. ಆ ಯುದ್ಧದಲ್ಲಿ ಬೂತುಗನ ಬಂಟನಾದ ಮಣಲೇರನು ಎದುರಿಗೆ ನಿಂತು ಕಾದಿದ್ದನ್ನು ಕಂಡು ಒಡೆಯನು ಮೆಚ್ಚಿ, ಬೇಕಾದ್ದನ್ನು ಬೇಡಿಕೊಳ್ಳೆಂದಾಗ, ಅವನು ಕಾಳಿಯೆಂಬ ಬೇಟೆನಾಯಿಯನ್ನು ಬೇಡಿ ಪಡೆದನು; ಮುಂದೆ ಆ ನಾಯಿ ಹಂದಿಯೊಡನೆ ಹೋರಾಡಿ ಎರಡೂ ಸತ್ತಾಗ ಅದರ ನೆನಪಿಗೂ ಕಲ್ಲು ನಿಂತಿತು. ಮಣಲೇರನಿಗೆ ಊರುಗಳನ್ನು ಬಾಳ್ಗಚ್ಚಾಗಿ, ಅಂದರೆ ವೀರನ ಕತ್ತಿಯನ್ನು ತೊಳೆದು ಕೊಡುವ ಉಂಬಳಿಯಾಗಿ, ನೀಡಿದ್ದನ್ನೂ ಶಾಸನ ಹೇಳುತ್ತದೆ. ಇಲ್ಲಿ ಗಮನಿಸಬೇಕಾದದ್ದು ಮಾತಿನ ಕ್ರಮ: ಮೊದಲು ಬಾಯ್ದೆರೆದವನು ಕೊಡುವವನು, ಬೇಡಿದವನು ಆಮೇಲೆ. ಬೇಡುವುದರಿಂದ ಮಣಲೇರನ ಬಂಟತನಕ್ಕೆ ಕುಂದಾಯಿತೆಂದು ಆ ಕಾಲ ಎಣಿಸಿದ್ದರೆ ಅದನ್ನು ಕಲ್ಲಿನಲ್ಲಿ ಕೊರೆಸುತ್ತಿರಲಿಲ್ಲ. ಉಂಡ ಅನ್ನದ ಋಣಕ್ಕೆ ತಲೆಕೊಡುವ ಜೋಳದಪಾಳಿಯು ಬಂಟನ ಧರ್ಮವಾಗಿದ್ದಂತೆ, ಸುರಿದ ನೆತ್ತರಿನ ಋಣವನ್ನು ತೀರಿಸುವುದು ಒಡೆಯನ ಧರ್ಮವಾಗಿತ್ತು.

ಶರಣರ ವಿಚಾರವೂ ಇದಕ್ಕೆ ವಿರುದ್ಧವಾಗಿ ನಿಲ್ಲುವುದಿಲ್ಲ. ಚೆಲ್ಲಿದ ಅಕ್ಕಿಯನ್ನು ಆಯ್ದು ತರುವ ಕಾಯಕದ ಮಾರಯ್ಯನು ಒಂದು ದಿನ ಅಗತ್ಯಕ್ಕಿಂತ ಹೆಚ್ಚು ತಂದಾಗ, ಹೆಚ್ಚಿನದನ್ನು ಅಲ್ಲಿಯೇ ಸುರಿದು ಬರುವಂತೆ ಹೆಂಡತಿ ಲಕ್ಕಮ್ಮ ಹೇಳಿದಳೆಂಬ ಕಥೆಯಲ್ಲಿ, ತನಗೆ ಸಲ್ಲದ್ದನ್ನು ಒಲ್ಲೆನೆನ್ನುವ ಬಿಗಿಯಾದ ಅಳತೆಯಿದೆ. ಆ ಅಳತೆಯನ್ನೇ ಇಲ್ಲಿ ಹಿಡಿದು ನೋಡಿದರೆ, ಪಡದ ಗಾಯಕ್ಕೆ ಪದಕ ಕೇಳುವುದು, ಅಪಘಾತದ ಪೆಟ್ಟನ್ನು ಶತ್ರುವಿನ ಪೆಟ್ಟೆಂದು ಬರೆಸುವುದು ನಿಸ್ಸಂದೇಹವಾಗಿ ತಪ್ಪು; ಪಟ್ಟ ಗಾಯವನ್ನು ಪಟ್ಟಷ್ಟೇ ಹೇಳಿ ಕೇಳುವುದು ಆ ಅಳತೆಯೊಳಗೇ ಇರುವಂಥದ್ದು.

ಅರ್ಜಿಯ ಪದ್ಧತಿ ಇಂದಿನ ರಾಜ್ಯವ್ಯವಸ್ಥೆಯ ಜೊತೆ ಬಂದದ್ದು. ಜಾರ್ಜ್ ವಾಷಿಂಗ್ಟನ್ 1782ರಲ್ಲಿ ಆರಂಭಿಸಿದ ಗೌರವಚಿಹ್ನೆಯನ್ನು ಅಮೆರಿಕವು 1932ರಲ್ಲಿ ಪರ್ಪಲ್ ಹಾರ್ಟ್ ಎಂಬ ಪದಕವಾಗಿ ಮತ್ತೆ ಜಾರಿಗೆ ತಂದಾಗ, ಮೊದಲನೆಯ ಮಹಾಯುದ್ಧದಲ್ಲಿ ಗಾಯಗೊಂಡಿದ್ದವರು ತಾವೇ ಅರ್ಜಿ ಹಾಕಿ ಅದನ್ನು ಪಡೆಯಬೇಕಾಗಿತ್ತು. ಕರ್ನಾಟಕದ ಗಡಿಗೆ ಹೊಂದಿಕೊಂಡಿರುವ ಸಾಂಗ್ಲಿ ಜಿಲ್ಲೆಯ ಯೋಧ ಮುರಳೀಕಾಂತ ಪೇಟಕರ್ 1965ರ ಯುದ್ಧದಲ್ಲಿ ಗುಂಡೇಟು ತಿಂದು ನಡೆಯಲಾರದಂತಾಗಿ, 1972ರ ಪ್ಯಾರಾಲಿಂಪಿಕ್ಸ್ ಈಜಿನಲ್ಲಿ ಚಿನ್ನ ಗೆದ್ದರೂ, ಅರ್ಜುನ ಪ್ರಶಸ್ತಿಗಾಗಿ ಅವರು ಸಲ್ಲಿಸಿದ ಮನವಿ ಆಗ ಫಲಿಸಲಿಲ್ಲ. ಪದ್ಮಶ್ರೀ ಅವರನ್ನು ತಲುಪಿದ್ದು 2018ರಲ್ಲಿ. ಅಂಥವರು ಕೇಳಿದ್ದನ್ನು ಮಾನದ ಹಸಿವೆನ್ನುವುದು ಅನ್ಯಾಯ.

ನಿಷ್ಕಾಮಕರ್ಮವು ಮಾಡುವವನು ತನ್ನ ಮೇಲೆ ತಾನೇ ಹಾಕಿಕೊಳ್ಳುವ ಶಿಸ್ತು. ಸಾಲ ತೀರಿಸಬೇಕಾದವನು ಸಾಲ ಕೊಟ್ಟವನಿಗೆ ಅದನ್ನು ಉಪದೇಶಿಸತೊಡಗಿದರೆ ಅದು ಧರ್ಮದ ಮಾತಾಗಿ ಉಳಿಯುವುದಿಲ್ಲ. ಯೋಧನು ಪದಕವನ್ನು ಕೇಳದೆ ಸುಮ್ಮನಿದ್ದರೆ ಅದು ಅವನ ವೈರಾಗ್ಯವೆಂದು ಗೌರವಿಸೋಣ. ಆದರೆ ಆ ವೈರಾಗ್ಯದಿಂದ ದೇಶದ ಋಣ ಕಡಿಮೆಯಾಗುವುದಿಲ್ಲ. ರಾಮಾಯಣದ ಕಿಷ್ಕಿಂಧಾಕಾಂಡದಲ್ಲಿ ಕೊಟ್ಟ ಮಾತನ್ನು ಮರೆತು ಕುಳಿತ ಸುಗ್ರೀವನಿಗೆ ಲಕ್ಷ್ಮಣನು, ಉಳಿದ ಮಹಾಪಾಪಗಳಿಗೆ ಪ್ರಾಯಶ್ಚಿತ್ತವುಂಟು, ಉಪಕಾರವನ್ನು ಮರೆತವನಿಗೆ ಇಲ್ಲವೆಂದು ಹೇಳುವುದು ಇಂತಹ ಮರೆವನ್ನು ಕುರಿತೇ. ಆದ್ದರಿಂದ ವಯಸ್ಸಾದ ಯೋಧನ ಅರ್ಜಿ ಬರುವವರೆಗೆ ಕಾಯದೆ, ಸೇನೆಯ ದಾಖಲೆ ಕಚೇರಿಗಳೂ ಸೈನಿಕ ಕಲ್ಯಾಣ ಇಲಾಖೆಯೂ ಹಳೆಯ ಆಸ್ಪತ್ರೆ ಕಡತಗಳನ್ನು ತಾವೇ ತೆರೆದು, ಪದಕ ಸಲ್ಲದೆ ಉಳಿದವರನ್ನು ಗುರುತಿಸಿ, ಅವರು ಬದುಕಿರುವಾಗಲೇ ಅವರ ಮನೆ ಬಾಗಿಲಿಗೆ ಹೋಗಿ ಅದನ್ನು ಸಲ್ಲಿಸಬೇಕು.